ಮೊಲಣ್ಣ ಹೋದ, ಟಿಯಾನಾ ಬಂದಳು: ಕ್ಯೂ ತುಂಬಿದ್ದ ರೈಡ್‌ಗೆ ಬೀಗ ಬಿದ್ದಿದ್ದು ಯಾಕೆ?

2025ರ ಜುಲೈ 6ರಂದು ಫ್ಲೋರಿಡಾದಲ್ಲಿರುವ ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕ್‌ನಲ್ಲಿ ಒಂದು ನದಿ ಕೊನೆಯ ದಿನ ಕಂಡಿತು. ಮನುಷ್ಯರು ತೋಡಿದ ನದಿ ಅದು. 1971ರಲ್ಲಿ ಪಾರ್ಕ್ ಶುರುವಾದಾಗಿನಿಂದ ಇತ್ತು. ಹೆಸರು ರಿವರ್ಸ್ ಆಫ್ ಅಮೆರಿಕ. ಅದರ ಜೊತೆಗೆ ಟಾಮ್ ಸಾಯರ್ ದ್ವೀಪವೂ ಹೋಯಿತು, ನದಿಯಲ್ಲಿ ಸುತ್ತು ಹಾಕುತ್ತಿದ್ದ ದೊಡ್ಡ ಹಬೆ ದೋಣಿಯೂ ಹೋಯಿತು. ಆ ಜಾಗಕ್ಕೆ 'ಕಾರ್ಸ್' ಸಿನಿಮಾದ ಕಾರುಗಳು ಬರುತ್ತವಂತೆ. ಅದಕ್ಕೂ ಒಂದು ತಿಂಗಳು ಮೊದಲು ಪಕ್ಕದ ಇನ್ನೊಂದು ಡಿಸ್ನಿ ಪಾರ್ಕ್‌ನಲ್ಲಿ ಮಪೆಟ್ಸ್ ಗೊಂಬೆಗಳ ತ್ರೀಡಿ ಪ್ರದರ್ಶನ ನಿಂತಿತ್ತು. ಡೈನೋಸಾರ್ ರೈಡ್ ಜಾಗಕ್ಕೆ ಇಂಡಿಯಾನಾ ಜೋನ್ಸ್ ಬರಲಿದೆ ಎಂಬ ಘೋಷಣೆಯೂ ಆಗಿದೆ.

ಇಂಥ ಸುದ್ದಿ ಬಂದಾಗಲೆಲ್ಲ ಒಂದೇ ಗೊಂದಲ. ಜನ ಬರದ ಅಂಗಡಿ ಮುಚ್ಚಿದರೆ ಅರ್ಥವಾಗುತ್ತದೆ. ಬೀದಿ ತನಕ ಜನ ನಿಂತಿರುವ ಅಂಗಡಿಗೆ ಬೀಗ ಹಾಕಿದರೆ ಹೇಗೆ ಅರ್ಥ ಮಾಡಿಕೊಳ್ಳುವುದು? ಉತ್ತರ ಬೇಕಿದ್ದರೆ ಕೆಲವೇ ವರ್ಷದ ಹಿಂದಿನ ಒಂದು ಜಗಳಕ್ಕೆ ಹೋಗಬೇಕು. ಅಷ್ಟು ದೊಡ್ಡ ಗಲಾಟೆ ಬೇರೆ ಯಾವ ರೈಡ್‌ಗೂ ಆಗಿರಲಿಲ್ಲ. ಅದರ ಹೆಸರು ಸ್ಪ್ಲ್ಯಾಶ್ ಮೌಂಟನ್.

ಮುಚ್ಚಿದ್ದೇನು, ತೆರೆದಿದ್ದೇನು

ಸ್ಪ್ಲ್ಯಾಶ್ ಮೌಂಟನ್ ಮೊದಲು ತೆರೆದಿದ್ದು ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ, 1989ರಲ್ಲಿ. 1992ರಲ್ಲಿ ಫ್ಲೋರಿಡಾ ಮತ್ತು ಟೋಕಿಯೋ ಪಾರ್ಕ್‌ಗಳಿಗೂ ಬಂತು. ಮರದ ದಿಮ್ಮಿಯ ಆಕಾರದ ದೋಣಿಯಲ್ಲಿ ಕೂರಬೇಕು. ದೋಣಿ ನೀರಿನ ಕಾಲುವೆಯಲ್ಲಿ ತೇಲುತ್ತಾ ಗುಡ್ಡದ ಒಳಗೆ ಹೋಗುತ್ತದೆ. ಒಳಗೆ ಹಾಡುವ, ಕುಣಿಯುವ ಯಂತ್ರದ ಗೊಂಬೆಗಳು. ಮೊಲ, ನರಿ, ಕರಡಿ, ಕಪ್ಪೆ, ಬಾತುಕೋಳಿ. ಕೊನೆಗೆ ಗುಡ್ಡದ ತುದಿಯಿಂದ ಸುಮಾರು 16 ಮೀಟರ್ ಕೆಳಕ್ಕೆ ಧುಮುಕು. ಧುಮುಕುವ ಕ್ಷಣದಲ್ಲಿ ಕ್ಯಾಮೆರಾ ಕ್ಲಿಕ್ ಅನ್ನುತ್ತದೆ. ಮಗನ ಮನೆಗೋ ಮಗಳ ಮನೆಗೋ ಅಂತ ಅಮೆರಿಕಕ್ಕೆ ಹೋಗಿ ಫ್ಲೋರಿಡಾದ ಒರ್ಲ್ಯಾಂಡೋ ನೋಡಿಕೊಂಡು ಬಂದ ಎಷ್ಟೋ ಕುಟುಂಬಗಳ ಆಲ್ಬಮ್ಮಿನಲ್ಲಿ ಆ ಫೋಟೋ ಇದ್ದೀತು. ಎಲ್ಲರ ಬಾಯಿ ತೆರೆದಿರುತ್ತದೆ, ಕೂದಲು ಹಾರಿರುತ್ತದೆ.

2020ರ ಜೂನ್ 25ರಂದು ಡಿಸ್ನಿ ಇದನ್ನು ಬದಲಾಯಿಸುವುದಾಗಿ ಹೇಳಿತು. ಫ್ಲೋರಿಡಾದ ರೈಡ್‌ಗೆ 2023ರ ಜನವರಿ 22 ಕೊನೆಯ ದಿನವಾಯಿತು. ಅವತ್ತು ಮೂರು ಗಂಟೆಗೂ ಜಾಸ್ತಿ ಕಾಯಬೇಕಿತ್ತು. ರೈಡ್‌ನ ನೀರು ಎಂದು ಹೇಳಿಕೊಂಡು ಬಾಟಲಿಗಟ್ಟಲೆ ನೀರನ್ನು ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಇಟ್ಟವರೂ ಇದ್ದರು! ಅದೇ ವರ್ಷ ಮೇ 30ಕ್ಕೆ ಕ್ಯಾಲಿಫೋರ್ನಿಯಾದ್ದೂ ಮುಗಿಯಿತು. ಅದೇ ಗುಡ್ಡ, ಅದೇ ಕಾಲುವೆ ಉಳಿಸಿಕೊಂಡು ಟಿಯಾನಾ ಎಂಬ ಡಿಸ್ನಿ ರಾಜಕುಮಾರಿಯ ಹೊಸ ಕಥೆ ಹಾಕಿದರು. ಟಿಯಾನಾಸ್ ಬಯೂ ಅಡ್ವೆಂಚರ್ ಎಂಬ ಹೆಸರಿನಲ್ಲಿ ಫ್ಲೋರಿಡಾದಲ್ಲಿ 2024ರ ಜೂನ್ 28ಕ್ಕೆ, ಕ್ಯಾಲಿಫೋರ್ನಿಯಾದಲ್ಲಿ ನವೆಂಬರ್ 15ಕ್ಕೆ ತೆರೆಯಿತು. ಟೋಕಿಯೋದಲ್ಲಿ ಮಾತ್ರ ಹಳೆಯ ಮೊಲ ಹಾಗೆಯೇ ಉಳಿಯಿತು.

ಬೇರು ಇದ್ದಿದ್ದು ಒಂದು ಮುಚ್ಚಿಟ್ಟ ಸಿನಿಮಾದಲ್ಲಿ

ಆ ಮೊಲದ ಹೆಸರು ಬ್ರೆರ್ ರಾಬಿಟ್. ಬ್ರೆರ್ ಅಂದರೆ ಬ್ರದರ್. ನಮ್ಮಲ್ಲಾದರೆ ಮೊಲಣ್ಣ, ನರಿಯಣ್ಣ, ಕರಡಿಯಣ್ಣ ಅನ್ನುವ ಹಾಗೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಗುಲಾಮರಾಗಿದ್ದ ಕಪ್ಪು ಜನ ಹೇಳಿಕೊಳ್ಳುತ್ತಿದ್ದ ಕಥೆಗಳು ಇವು. ಬಹಳಷ್ಟಕ್ಕೆ ಆಫ್ರಿಕಾದ ಬೇರು ಇದೆ. ಬಲ ಇಲ್ಲದ ಮೊಲ ಬುದ್ಧಿಯಿಂದ ಗೆಲ್ಲುತ್ತದೆ. ಬಾವಿಯ ನೀರಿನಲ್ಲಿ ನೆರಳು ತೋರಿಸಿ ಸಿಂಹವನ್ನು ಬೀಳಿಸಿದ ಪಂಚತಂತ್ರದ ಮೊಲ ಗೊತ್ತಿರುವವರಿಗೆ ಈ ಮೊಲ ಹೊಸಬನಲ್ಲ. ಚಾಟಿ ಹಿಡಿದವನ ಎದುರು ಬಾಯಿ ಬಿಡಲಾಗದವರು ಇಂಥ ಕಥೆ ಯಾಕೆ ಕಟ್ಟಿದರು ಎಂದು ಬಿಡಿಸಿ ಹೇಳಬೇಕಿಲ್ಲ.

ಈ ಕಥೆಗಳನ್ನು ಬರೆದಿಟ್ಟು ಹೆಸರು ಮಾಡಿದ್ದು ಜೋಯೆಲ್ ಚಾಂಡ್ಲರ್ ಹ್ಯಾರಿಸ್ ಎಂಬ ಬಿಳಿಯ ಪತ್ರಕರ್ತ. ಜಾರ್ಜಿಯಾ ರಾಜ್ಯದವನು, 1880ರ ದಶಕದ ಮಾತು. ಕಥೆ ಹೇಳುವುದಕ್ಕೆ ಅವನು ಅಂಕಲ್ ರೀಮಸ್ ಎಂಬ ಕಪ್ಪು ಮುದುಕನ ಪಾತ್ರ ಮಾಡಿಕೊಂಡ. ಹಳೆಯ ಧಣಿಯ ಮನೆಯ ಬಿಳಿ ಹುಡುಗನನ್ನು ಕೂರಿಸಿಕೊಂಡು ಕಥೆ ಹೇಳುವ ಸಂತೃಪ್ತ ಮುದುಕ. ತೊಂದರೆ ಇದ್ದಿದ್ದು ಈ ಚೌಕಟ್ಟಿನಲ್ಲಿ. ಧಣಿಗಳ ಕಣ್ಣಿಗೆ ಕಾಣದಂತೆ ಹುಟ್ಟಿದ ಕಥೆಗಳು ಧಣಿಯ ಮೊಮ್ಮಗನ ರಂಜನೆಗೆ ಹೇಳಿದ ಕಥೆಗಳಾಗಿಬಿಟ್ಟವು.

1946ರಲ್ಲಿ ವಾಲ್ಟ್ ಡಿಸ್ನಿ ಇದನ್ನು 'ಸಾಂಗ್ ಆಫ್ ದ ಸೌತ್' ಎಂಬ ಸಿನಿಮಾ ಮಾಡಿದರು. ನಟರ ದೃಶ್ಯಗಳ ನಡುವೆ ಮೊಲಣ್ಣನ ಕಾರ್ಟೂನು. ಕಥೆ ನಡೆಯುವ ಕಾಲ ಯಾವುದು, ಗುಲಾಮಗಿರಿ ಮುಗಿದಿದೆಯೋ ಇಲ್ಲವೋ ಎಂಬುದನ್ನು ಸಿನಿಮಾ ಬಾಯಿಬಿಟ್ಟು ಹೇಳುವುದಿಲ್ಲ. ತೋಟದ ಕಪ್ಪು ಕೆಲಸಗಾರರು ಹಾಡುತ್ತಾ ಓಡಾಡುತ್ತಾರೆ, ಯಾರಿಗೂ ಯಾವ ಬೇಸರವೂ ಇಲ್ಲ. ಬಿಡುಗಡೆ ಆದಾಗಲೇ ಕಪ್ಪು ಜನರ ಹಕ್ಕುಗಳ ಸಂಘಟನೆ ಎನ್‌ಎಎಸಿಪಿ ಆಕ್ಷೇಪ ಎತ್ತಿತ್ತು. 'ಈಗಿನ ಕಾಲದವರು ಹಳೆಯದರಲ್ಲಿ ಸುಮ್ನೆ ತಪ್ಪು ಹುಡುಕುತ್ತಾರೆ' ಎನ್ನುವವರು ಈ ಮಾತನ್ನು ಮರೆಯುತ್ತಾರೆ. ತಪ್ಪು ಆಗಲೇ ಕಂಡಿತ್ತು.

ಅಂಕಲ್ ರೀಮಸ್ ಆಗಿ ನಟಿಸಿದ ಜೇಮ್ಸ್ ಬ್ಯಾಸ್ಕೆಟ್ ತಮ್ಮದೇ ಸಿನಿಮಾದ ಮೊದಲ ಪ್ರದರ್ಶನಕ್ಕೆ ಹೋಗಲಾಗಲಿಲ್ಲ. ಅದು ನಡೆದದ್ದು ಅಟ್ಲಾಂಟಾದಲ್ಲಿ. ಅಲ್ಲಿ ಆಗ ಕಪ್ಪು ಜನ ಬಿಳಿಯರ ಜೊತೆ ಕೂರುವಂತಿರಲಿಲ್ಲ. 1948ರಲ್ಲಿ ಅವರಿಗೆ ಗೌರವ ಆಸ್ಕರ್ ಬಂತು. ಅದೇ ವರ್ಷ ಅವರು ತೀರಿಕೊಂಡರು. ಸಿನಿಮಾದ 'ಜಿಪ್ ಅ ಡೀ ಡೂ ಡಾ' ಹಾಡಿಗೂ ಆಸ್ಕರ್ ಸಿಕ್ಕಿತು. ಆ ಹಾಡು ಮಾತ್ರ ಸಿನಿಮಾದಿಂದ ಕಳಚಿಕೊಂಡು ತಾನೇ ಬದುಕಿತು.

ಸಿನಿಮಾ ಅಮೆರಿಕದ ಥಿಯೇಟರ್‌ಗಳಿಗೆ ಕೊನೆಯದಾಗಿ ಬಂದಿದ್ದು 1986ರಲ್ಲಿ. ಆಮೇಲೆ ವಿಡಿಯೋ ಕ್ಯಾಸೆಟ್ಟಿನ ಕಾಲ ಬಂತು, ಡಿವಿಡಿ ಬಂತು. ಡಿಸ್ನಿಯ ಹಳೆಯ ಸಿನಿಮಾಗಳು ಒಂದೊಂದಾಗಿ ಮನೆಗೆ ಬಂದವು. ಇದು ಬರಲಿಲ್ಲ. ಜಪಾನ್ ಮತ್ತು ಯುರೋಪಿನಲ್ಲಿ ಕ್ಯಾಸೆಟ್ಟೋ ಡಿಸ್ಕೋ ಸಿಕ್ಕಿತು, ಅಮೆರಿಕದಲ್ಲಿ ಇಲ್ಲ. 2020ರ ಮಾರ್ಚ್‌ನಲ್ಲಿ ಕಂಪನಿಯ ಆಗಿನ ಕಾರ್ಯಕಾರಿ ಅಧ್ಯಕ್ಷ ಬಾಬ್ ಐಗರ್ ಷೇರುದಾರರ ಸಭೆಯಲ್ಲಿ, ಈ ಸಿನಿಮಾ ಡಿಸ್ನಿ ಪ್ಲಸ್‌ಗೂ ಬರುವುದಿಲ್ಲ, ಇವತ್ತಿನ ಕಾಲಕ್ಕೆ ಅದು ಸರಿಹೊಂದುವುದಿಲ್ಲ ಎಂದು ಹೇಳಿದರು.

ಹಾಗಾದರೆ 1989ರಲ್ಲಿ ಕಟ್ಟಿದ್ದೇ ಯಾಕೆ?

ಇಡೀ ಗಂಟು ಇರುವುದು ಇಲ್ಲೇ. ಇದರಲ್ಲಿ ಸಿದ್ಧಾಂತಕ್ಕಿಂತ ಗೋದಾಮಿನ ಲೆಕ್ಕವೇ ಜಾಸ್ತಿ.

1983ರಲ್ಲಿ ಡಿಸ್ನಿಯ ವಿನ್ಯಾಸಗಾರ ಟೋನಿ ಬ್ಯಾಕ್ಸ್‌ಟರ್ ಕೆಲಸಕ್ಕೆ ಹೋಗುವಾಗ ಹೆದ್ದಾರಿಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದಾಗ ಈ ಯೋಚನೆ ಹೊಳೆಯಿತು ಎನ್ನುತ್ತಾರೆ. ಅವರ ತಲೆಯಲ್ಲಿ ಮೂರು ಸಮಸ್ಯೆ ಸುತ್ತುತ್ತಿದ್ದವು. ಬೇರೆ ಪಾರ್ಕ್‌ಗಳಲ್ಲೆಲ್ಲ ದಿಮ್ಮಿ ದೋಣಿಯ ಆಟ ಇತ್ತು, ನಮ್ಮಲ್ಲೂ ಇರಲಿ ಎಂದು ಮೇಲಿನವರು ಹಟ ಹಿಡಿದಿದ್ದರು. ಡಿಸ್ನಿಲ್ಯಾಂಡ್‌ನ ಬೇರ್ ಕಂಟ್ರಿ ಎಂಬ ಮೂಲೆಗೆ ಜನ ಹೋಗುತ್ತಿರಲಿಲ್ಲ. ಜೊತೆಗೆ 1974ರಲ್ಲಿ ಶುರುವಾಗಿದ್ದ 'ಅಮೆರಿಕ ಸಿಂಗ್ಸ್' ಪ್ರದರ್ಶನ ಸೊರಗಿತ್ತು. ಅದರಲ್ಲಿ ನೂರಕ್ಕೂ ಮೀರಿ ಯಂತ್ರದ ಗೊಂಬೆಗಳು. ಎಲ್ಲ ಪ್ರಾಣಿಗಳು, ಹಲವು ದಕ್ಷಿಣದ ರಾಜ್ಯಗಳ ವೇಷದಲ್ಲಿ. ಬಿಸಾಡಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಕಾರಣವಿಲ್ಲ.

ದಕ್ಷಿಣದ ವೇಷದ ಪ್ರಾಣಿಗಳು ಬರುವ ಡಿಸ್ನಿ ಕಥೆ ಯಾವುದು? ಮೊಲಣ್ಣನದು. ಮೂರೂ ಸಮಸ್ಯೆಗೆ ಒಂದೇ ಉತ್ತರ. 1988ರಲ್ಲಿ 'ಅಮೆರಿಕ ಸಿಂಗ್ಸ್' ಮುಚ್ಚಿತು, ಗೊಂಬೆಗಳು ಗುಡ್ಡದೊಳಗೆ ಹೋದವು. ಅದರ ಎರಡು ಹೆಬ್ಬಾತುಗಳ ಚರ್ಮ ಸುಲಿದು, ಒಳಗಿನ ಯಂತ್ರವನ್ನೇ 'ಸ್ಟಾರ್ ಟೂರ್ಸ್' ರೈಡ್‌ನ ರೋಬೋಟ್ ಮಾಡಿದ್ದೂ ಉಂಟು. ಅಂದರೆ 2023ರಲ್ಲಿ ಜನ ಕಣ್ಣೀರು ಹಾಕಿದ ರೈಡ್ ಇನ್ನೊಂದು ಪ್ರದರ್ಶನವನ್ನು ಮುಚ್ಚಿಸಿ, ಅದರದ್ದೇ ಗೊಂಬೆಗಳನ್ನು ತಂದು ಕಟ್ಟಿದ್ದು. ಖರ್ಚು ಸುಮಾರು 7.5 ಕೋಟಿ ಡಾಲರ್ ಎಂಬ ಲೆಕ್ಕ ಹೆಚ್ಚಾಗಿ ಕೇಳಿಬರುತ್ತದೆ.

ಕಟ್ಟಿದವರಿಗೆ ಸಿನಿಮಾದ ಕಳಂಕ ಗೊತ್ತಿತ್ತು. ಹಾಗಾಗಿ ಅಂಕಲ್ ರೀಮಸ್ ರೈಡ್‌ನಲ್ಲಿ ಇಲ್ಲ, ಅವನ ಬದಲು ಒಂದು ಕಪ್ಪೆ ಕಥೆ ಹೇಳುತ್ತದೆ. ಸಿನಿಮಾದಲ್ಲಿ ಮೊಲಣ್ಣ ಅಂಟಿಕೊಳ್ಳುವುದು ಡಾಂಬರಿನಿಂದ ಮಾಡಿದ ಗೊಂಬೆಗೆ. 'ಟಾರ್ ಬೇಬಿ' ಎಂಬ ಆ ಮಾತು ಆ ಹೊತ್ತಿಗೆ ಕಪ್ಪು ಜನರಿಗೆ ಬೈಗುಳವೂ ಆಗಿತ್ತು. ರೈಡ್‌ನಲ್ಲಿ ಡಾಂಬರಿನ ಜಾಗಕ್ಕೆ ಜೇನು ಬಂತು.

ಇಲ್ಲಿ ಒಂದು ಅಡ್ಡ ಮಾತು ಹೇಳಲೇಬೇಕು. ಈ ಅಂಟಿನ ಗೊಂಬೆಯ ಕಥೆಯನ್ನು ಕೆಲವು ಜಾನಪದ ವಿದ್ವಾಂಸರು ಭಾರತದ ತನಕ ಹಿಂಬಾಲಿಸಿದ್ದಾರೆ. ಪಂಚಾಯುಧ ಜಾತಕದಲ್ಲಿ ಒಬ್ಬ ರಾಜಕುಮಾರ ಅಂಟು ರೋಮದ ಯಕ್ಷನ ಎದುರು ನಿಲ್ಲುತ್ತಾನೆ. ಬಾಣ ಅಂಟುತ್ತದೆ, ಕತ್ತಿ ಅಂಟುತ್ತದೆ. ಕೈಯಲ್ಲಿ ಗುದ್ದಿದರೆ ಕೈ ಅಂಟುತ್ತದೆ, ಒದ್ದರೆ ಕಾಲು, ಕೊನೆಗೆ ತಲೆಯೂ. ಮೊಲಣ್ಣನ ಪಾಡು ಅದೇ. ಕಥೆ ಇಲ್ಲಿಂದಲೇ ಹೋಯಿತೇ ಎಂಬ ಬಗ್ಗೆ ವಿದ್ವಾಂಸರಲ್ಲೇ ಒಮ್ಮತವಿಲ್ಲ. ಹಾಗಿದ್ದರೂ ಒಂದು ಬೊಂಬೆಗೆ ಜೇನು ಬಳಿದ ಮಾತ್ರಕ್ಕೆ ಇಷ್ಟು ಹಳೆಯ ಕಥೆ ತೊಳೆದುಹೋಗುವುದಿಲ್ಲ, ಅಲ್ವಾ?

ಆದರೆ ಕಂಪನಿ ತನಗೆ ತಾನೇ ತೋಡಿಕೊಂಡ ಗುಂಡಿ ಬೇರೆ. ತಾಯಿಯನ್ನು ಕೋಣೆಯಲ್ಲಿ ಕೂಡಿಹಾಕಿ ಮಗುವನ್ನು ಜಾತ್ರೆಯಲ್ಲಿ ಮೆರೆಸಿದ ಹಾಗಾಯಿತು. ಅಮೆರಿಕದಲ್ಲಿ ಸಿನಿಮಾ ಯಾರೂ ನೋಡುವಂತಿಲ್ಲ, ಅದರ ರೈಡ್‌ಗೆ ಮಾತ್ರ ದಿನವೂ ಜನಸಾಗರ. ಮೂವತ್ತು ವರ್ಷ ಇದು ನಡೆಯಿತು. 'ಈ ಮೊಲ ಯಾರು?' ಎಂದು ಮಗು ಕೇಳಿದರೆ ಅಪ್ಪ ಅಮ್ಮನಿಗೆ ಗೊತ್ತಿಲ್ಲ. ಗೊತ್ತಿದ್ದ ಕಂಪನಿಗೆ ಹೇಳುವ ಮನಸ್ಸಿಲ್ಲ.

2020ರಲ್ಲಿ ಆಗಿದ್ದೇನು

2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತರು. ಅಮೆರಿಕ ಬೀದಿಗಿಳಿಯಿತು. ಪ್ರತಿಮೆಗಳು ಉರುಳಿದವು, ಉತ್ಪನ್ನಗಳ ಹೆಸರು ಬದಲಾದವು. ಸ್ಪ್ಲ್ಯಾಶ್ ಮೌಂಟನ್‌ಗೆ ಟಿಯಾನಾ ಕಥೆ ಹಾಕಿ ಎಂಬ ಆನ್‌ಲೈನ್ ಅರ್ಜಿಗೆ ಸಾವಿರಾರು ಸಹಿ ಬಿದ್ದವು. ಸರಿಯಾಗಿ ಒಂದು ತಿಂಗಳಿಗೆ ಡಿಸ್ನಿಯ ಘೋಷಣೆ ಬಂತು. ಉಳಿಸಿ ಎಂಬ ಎದುರು ಅರ್ಜಿಗೂ ಹತ್ತಾರು ಸಾವಿರ ಸಹಿ ಬಂದವು.

ಇದನ್ನು ನೋಡಿದವರು 'ಒತ್ತಡಕ್ಕೆ ಬಗ್ಗಿದರು' ಎಂದುಕೊಂಡರು. ಡಿಸ್ನಿ ಹೇಳಿದ್ದು ಬೇರೆ. ಈ ಯೋಜನೆಯ ಕೆಲಸ 2019ರಲ್ಲೇ ಶುರುವಾಗಿತ್ತು ಎಂದಿತು. ಎರಡೂ ನಿಜ ಇರಬಹುದು. ಒಂದು ರೈಡ್‌ನ ಹೊಸ ಕಥೆಯನ್ನು ನಾಲ್ಕು ವಾರದಲ್ಲಿ ಕಟ್ಟಲು ಆಗುವುದಿಲ್ಲ, ಆದರೆ ಡ್ರಾಯರಿನಲ್ಲಿದ್ದ ಯೋಜನೆಯನ್ನು ಯಾವತ್ತು ಹೊರಗೆ ತೆಗೆಯಬೇಕು ಎಂದು ನಾಲ್ಕು ವಾರದಲ್ಲಿ ತೀರ್ಮಾನಿಸಬಹುದು.

ಟಿಯಾನಾ ಯಾಕೆ? 2009ರ 'ದ ಪ್ರಿನ್ಸೆಸ್ ಅಂಡ್ ದ ಫ್ರಾಗ್' ಸಿನಿಮಾದ ನಾಯಕಿ ಅವಳು, ಡಿಸ್ನಿಯ ಮೊದಲ ಕಪ್ಪು ಅಮೆರಿಕನ್ ರಾಜಕುಮಾರಿ. ಕಥೆ ನಡೆಯುವುದು 1920ರ ದಶಕದ ನ್ಯೂ ಆರ್ಲಿಯನ್ಸ್‌ನಲ್ಲಿ. ನೀರಿದೆ, ಜೌಗು ಇದೆ, ಪ್ರಾಣಿಗಳಿವೆ, ಸಂಗೀತ ಇದೆ. ಕಾಲುವೆ ಒಡೆಯದೆ ಹೊಂದಿಸಬಹುದು.

ಜಗಳ ಎರಡೇ ಕಡೆಯದ್ದಲ್ಲ

ಬದಲಾವಣೆ ಬೇಕು ಎಂದವರ ಮಾತು ಸರಳ. ಗುಲಾಮಗಿರಿಯನ್ನು ಸಿಹಿ ಮಾಡಿ ತೋರಿಸಿದ ಸಿನಿಮಾದ ಹಾಡನ್ನು ಮಕ್ಕಳ ಬಾಯಲ್ಲಿ ಯಾಕೆ ಹಾಡಿಸಬೇಕು? ಅದೇ ಜಾಗದಲ್ಲಿ ಕಪ್ಪು ಹುಡುಗಿಯರು ತಮ್ಮಂಥ ನಾಯಕಿಯನ್ನು ನೋಡಲಿ. ಡಿಸ್ನಿಯ ಅಮೆರಿಕನ್ ಪಾರ್ಕ್‌ಗಳ ಅಷ್ಟು ವರ್ಷದ ಇತಿಹಾಸದಲ್ಲಿ ಕಪ್ಪು ನಾಯಕಿಯ ಸುತ್ತ ಕಟ್ಟಿದ ಇಂಥ ದೊಡ್ಡ ರೈಡ್ ಇರಲಿಲ್ಲ.

ಬೇಡ ಎಂದವರಲ್ಲಿ ಎಲ್ಲರೂ ಒಂದೇ ಥರ ಅಲ್ಲ. ಕೆಲವರಿಗೆ ಇದು ರಾಜಕೀಯ. ಬಹಳ ಜನಕ್ಕೆ ಇದು ಅಪ್ಪನ ಪಕ್ಕ ಕೂತು ಮೊದಲ ಸಲ ಧುಮುಕಿದ ಜಾಗ, ಅಷ್ಟೇ. ಅವರು ಸಿನಿಮಾ ನೋಡಿಲ್ಲ, ನೋಡಲು ಕಂಪನಿಯೇ ಬಿಟ್ಟಿಲ್ಲ. 'ರೈಡ್‌ನಲ್ಲಿ ಗುಲಾಮಗಿರಿ ಎಲ್ಲಿದೆ, ಮೊಲ ನರಿ ಮಾತ್ರ ತಾನೇ ಇರುವುದು?' ಎಂಬ ಅವರ ಪ್ರಶ್ನೆ ಪ್ರಾಮಾಣಿಕವಾದದ್ದೇ. ಅವರ ಪ್ರೀತಿ ಸಿನಿಮಾದ ಮೇಲಲ್ಲ. ಅದನ್ನು ಜನಾಂಗದ್ವೇಷ ಎಂದು ಒಂದೇ ಏಟಿಗೆ ತಳ್ಳಿಹಾಕಿದ್ದು ಸರಿಯಲ್ಲ.

ಮೂರನೇ ಮಾತೊಂದಿದೆ. ಗಲಾಟೆಯಲ್ಲಿ ಅದು ಕೇಳಿಸಿದ್ದು ಕಡಿಮೆ. ಮೊಲಣ್ಣ ಹ್ಯಾರಿಸ್‌ನ ಸೊತ್ತೂ ಅಲ್ಲ, ಡಿಸ್ನಿಯ ಸೊತ್ತೂ ಅಲ್ಲ. ಹ್ಯಾರಿಸ್ ಹುಟ್ಟಿದ ಈಟನ್‌ಟನ್ ಊರಿನವರೇ ಆದ ಲೇಖಕಿ ಆಲಿಸ್ ವಾಕರ್, ಅವನು ತಮ್ಮ ಪರಂಪರೆಯ ಒಂದು ಭಾಗವನ್ನೇ ಕದ್ದ ಎಂಬರ್ಥದಲ್ಲಿ ಬಹಳ ಹಿಂದೆಯೇ ಬರೆದಿದ್ದರು. ಈ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಗುಲಾಮರು ಕಟ್ಟಿದ ಕಥೆಯನ್ನು ಮೊದಲು ಒಬ್ಬ ಬಿಳಿಯ ಪತ್ರಕರ್ತ ತೆಗೆದುಕೊಂಡ, ಆಮೇಲೆ ಕಂಪನಿ ತೆಗೆದುಕೊಂಡು ಹಾಳು ಮಾಡಿತು, ಹಾಳಾದ ಮೇಲೆ ಕಥೆಯನ್ನೇ ಹೊರಗೆ ಹಾಕಿತು. ಶುದ್ಧ ಮಾಡಿ ಹಿಂದಿರುಗಿಸುವ ಯೋಚನೆ ಬರಲೇ ಇಲ್ಲ. ಕಪ್ಪು ಜಾನಪದವನ್ನು ಅದರ ಮೂಲದವರ ಬಾಯಿಂದಲೇ ಹೇಳಿಸುವ ರೈಡ್ ಕಟ್ಟಬಹುದಿತ್ತು. ಕಷ್ಟದ ಕೆಲಸ, ನಿಜ. ಸಿನಿಮಾದ ನೆರಳು ಬಿಡುತ್ತಿರಲಿಲ್ಲ. ಆದರೂ ಮೂರರಲ್ಲಿ ತೂಕ ಇರುವ ಮಾತು ಇದೇ ಎಂದು ನನಗೆ ಅನ್ನಿಸುತ್ತದೆ.

ದುಡ್ಡಿನ ಲೆಕ್ಕ

ನೀತಿಯ ಕಾರಣ ಮಾತ್ರ ಇದ್ದಿದ್ದರೆ ರೈಡ್ 1990ರ ದಶಕದಲ್ಲೇ ಮುಚ್ಚಬೇಕಿತ್ತು. ಮುಚ್ಚಲಿಲ್ಲ. 2020ರ ಹೊತ್ತಿಗೆ ವ್ಯಾಪಾರದ ಕಾರಣವೂ ಅದೇ ದಿಕ್ಕಿಗೆ ಕೈ ತೋರಿಸಿತು.

ಪಾರ್ಕ್ ಈಗ ಡಿಸ್ನಿಯ ಅನ್ನದಾತ. 2024ರ ಆರ್ಥಿಕ ವರ್ಷದಲ್ಲಿ ಪಾರ್ಕ್, ಹಡಗು, ಆಟಿಕೆಗಳ ವಿಭಾಗ ಸುಮಾರು 930 ಕೋಟಿ ಡಾಲರ್ ಲಾಭ ತಂದಿತು. ಕಂಪನಿಯ ಎಲ್ಲ ವಿಭಾಗಗಳ ಲಾಭದ ಅರ್ಧಕ್ಕಿಂತ ಜಾಸ್ತಿ ಅದು. ಹತ್ತು ವರ್ಷದಲ್ಲಿ ಈ ವಿಭಾಗಕ್ಕೆ 6,000 ಕೋಟಿ ಡಾಲರ್ ಹಾಕುವುದಾಗಿ 2023ರಲ್ಲೇ ಹೇಳಿದೆ. ಒರ್ಲ್ಯಾಂಡೋದಲ್ಲೇ 2025ರ ಮೇ ತಿಂಗಳಲ್ಲಿ ಯೂನಿವರ್ಸಲ್ ಕಂಪನಿಯ ಎಪಿಕ್ ಯೂನಿವರ್ಸ್ ಎಂಬ ಹೊಸ ಪಾರ್ಕ್ ತೆರೆದಿದೆ. ಪೈಪೋಟಿ ಮನೆ ಬಾಗಿಲಿಗೇ ಬಂದಿದೆ.

ಇಂಥ ಲೆಕ್ಕದಲ್ಲಿ ಒಂದು ರೈಡ್ ಒಂದೇ ಕೆಲಸ ಮಾಡಿದರೆ ಸಾಲದು. ಮಗು ರೈಡ್ ಮುಗಿಸಿ ಹೊರಗೆ ಬರುತ್ತದೆ. ಬಾಗಿಲಲ್ಲೇ ಅಂಗಡಿ. ಟಿಯಾನಾ ಗೊಂಬೆ, ಟಿಯಾನಾ ಗೌನು, ಟಿಯಾನಾ ಕಿರೀಟ. ರಾತ್ರಿ ರೂಮಿಗೆ ಹೋಗಿ 'ಆ ಸಿನಿಮಾ ಹಾಕು' ಎಂದರೆ ಡಿಸ್ನಿ ಪ್ಲಸ್‌ನಲ್ಲಿ ಇದೆ. ಮೊಲಣ್ಣನಿಗೆ ಈ ಸರಪಳಿಯೇ ಇಲ್ಲ. ಸ್ಪ್ಲ್ಯಾಶ್ ಮೌಂಟನ್ ಹಿಂದಿದ್ದ ಸಿನಿಮಾ ನೋಡಲು ಸಿಗುತ್ತಿರಲಿಲ್ಲ, ಮುಂದೆ ಸಿನಿಮಾ ಬರುವಂತಿರಲಿಲ್ಲ. ಕ್ಯೂ ಇತ್ತು, ಆದರೆ ಕ್ಯೂ ಅಲ್ಲಿಗೇ ಮುಗಿಯುತ್ತಿತ್ತು.

ಇನ್ನೊಂದು ಪ್ರಶ್ನೆ ಸಹಜ. ಹಳೆಯದು ಇರಲಿ, ಪಕ್ಕದಲ್ಲಿ ಹೊಸದು ಕಟ್ಟಬಾರದೇ? ಕ್ಯಾಲಿಫೋರ್ನಿಯಾದಲ್ಲಿ ಜಾಗ ಇಲ್ಲ, ಪಾರ್ಕ್ ಸುತ್ತ ನಗರ ಬೆಳೆದಿದೆ. ಫ್ಲೋರಿಡಾದಲ್ಲಿ ಜಮೀನು ಬೇಕಾದಷ್ಟಿದೆ. ಅಲ್ಲಿ ಲೆಕ್ಕ ಬೇರೆ. ಕಾಲುವೆ, ಪಂಪು, ದೋಣಿಯನ್ನು ಮೇಲೆಳೆಯುವ ಪಟ್ಟಿ, ಕ್ಯೂ ನಿಲ್ಲುವ ಜಾಗ, ಎಲ್ಲ ಇದ್ದ ಕಡೆಯೇ ಇವೆ. ಮನೆಯ ಗೋಡೆ ಉಳಿಸಿ ಒಳಗೆಲ್ಲ ಹೊಸದು ಮಾಡಿದ ಹಾಗೆ. ಬುಡದಿಂದ ಹೊಸ ಗುಡ್ಡ ಕಟ್ಟುವುದಕ್ಕಿಂತ ಅದು ಅಗ್ಗ. ಹಳೆಯ ಗೊಂಬೆಗಳಿಗೂ ವಯಸ್ಸಾಗಿತ್ತು. ಕ್ಯಾಲಿಫೋರ್ನಿಯಾದ ಕೆಲವಕ್ಕೆ ಐವತ್ತು ವರ್ಷದ ಹತ್ತಿರ. ದಿನವಿಡೀ ತೇವದಲ್ಲಿ ಅಲ್ಲಾಡುವ ಯಂತ್ರಕ್ಕೆ ಅದು ಕಡಿಮೆ ವಯಸ್ಸಲ್ಲ.

ಬೀಳುವುದಕ್ಕೂ ಒಂದು ಕಾರಣ ಬೇಕು

ಹೊಸ ರೈಡ್ ಹೇಗಿದೆ? ಗೊಂಬೆಗಳು ಅದ್ಭುತ. ಮುಖದ ಚಲನೆ, ಕಣ್ಣಿನ ತಿರುಗು ಹಳೆಯದಕ್ಕಿಂತ ಎಷ್ಟೋ ಮುಂದೆ. ಸಂಗೀತಕ್ಕೆ ನ್ಯೂ ಆರ್ಲಿಯನ್ಸ್‌ನವರೇ ಆದ ಪಿ. ಜೆ. ಮಾರ್ಟನ್ ಹಾಡು ಬರೆದಿದ್ದಾರೆ. ತೆರೆದ ಮೊದಲ ತಿಂಗಳುಗಳಲ್ಲಿ ಮೇಲಿಂದ ಮೇಲೆ ಕೆಟ್ಟು ನಿಲ್ಲುತ್ತಿತ್ತು, ಅದು ಹೊಸ ರೈಡ್‌ಗಳಲ್ಲಿ ಮಾಮೂಲು. ಆದರೂ ಹಲವರಿಗೆ ಏನೋ ಕೊರತೆ ಎನ್ನಿಸಿತು. ಅದು ಬರೀ ಹಳೆಯ ನೆನಪಿನ ಹಳಹಳಿ ಅಲ್ಲ. ಕೊನೆಯ ಧುಮುಕನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ.

ಹಳೆಯ ರೈಡ್‌ನಲ್ಲಿ ನರಿಯಣ್ಣ ಕೊನೆಗೂ ಮೊಲಣ್ಣನನ್ನು ಹಿಡಿದು ಕಟ್ಟಿಹಾಕಿರುತ್ತಾನೆ. ಇನ್ನೇನು ಬೇಯಿಸಬೇಕು. ಮೊಲಣ್ಣ ಗೋಗರೆಯುತ್ತಾನೆ: ಬೇಯಿಸು, ಏನು ಬೇಕಾದರೂ ಮಾಡು, ಆ ಮುಳ್ಳಿನ ಪೊದೆಗೆ ಮಾತ್ರ ಎಸೆಯಬೇಡ. ನರಿ ಹಠಕ್ಕೆ ಬಿದ್ದು ಅಲ್ಲಿಗೇ ಎಸೆಯುತ್ತಾನೆ. ಮೊಲ ಹುಟ್ಟಿ ಬೆಳೆದಿದ್ದೇ ಮುಳ್ಳಿನ ಪೊದೆಯಲ್ಲಿ! ನೀರಿಗೆ ಎಸೆಯಬೇಡಿ ಎಂದು ಗೋಳಾಡಿ ನೀರಿಗೇ ಬಿದ್ದು ತಪ್ಪಿಸಿಕೊಂಡ ಆಮೆಯ ಕಥೆ ನಮ್ಮ ಕಡೆಯೂ ಇದೆ. ಅದೇ ಉಪಾಯ.

ಈಗ ದೋಣಿಯಲ್ಲಿ ಕೂತವರ ಪಾಡು ನೋಡಿ. ದೋಣಿ ಕತ್ತಲಲ್ಲಿ ಮೇಲೇರುತ್ತಿದೆ. ತಲೆಯ ಮೇಲೆ ಎರಡು ರಣಹದ್ದು ಕೂತು ನಿಮ್ಮನ್ನೇ ಅಣಕಿಸುತ್ತಿವೆ. ತುದಿಯಲ್ಲಿ ಬೆಳಕಿನ ಒಂದು ಚೌಕ. ಕೆಳಗೆ ಮುಳ್ಳಿನ ಪೊದೆ. ಆ ಕ್ಷಣಕ್ಕೆ ಮೊಲಣ್ಣ ನೀವೇ. ಎಸೆಯಲ್ಪಟ್ಟವರು ನೀವು, ಬಿದ್ದು ಬದುಕಿದವರೂ ನೀವು. ಕೆಳಗೆ ಬಂದ ಮೇಲೆ ಎಲ್ಲ ಪ್ರಾಣಿಗಳೂ ಸೇರಿ ಹಾಡುವಾಗ ಆ ಸಂತೋಷ ನಿಮ್ಮದೂ ಹೌದು. ಕಥೆಯ ತಿರುವು ಮತ್ತು ದೇಹದ ಬೀಳುವಿಕೆ ಒಂದೇ ಗಳಿಗೆಯಲ್ಲಿ ಕೂಡುತ್ತಿದ್ದವು. ರೈಡ್ ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಗೆಲುವಿಲ್ಲ.

ಹೊಸ ಕಥೆಯಲ್ಲಿ ಟಿಯಾನಾ ಹಬ್ಬದ ಪಾರ್ಟಿಗೆ ವಾದ್ಯಗಾರರನ್ನು ಹುಡುಕುತ್ತಿದ್ದಾಳೆ. ಮಾಮಾ ಓಡಿ ಎಂಬ ಮಾಟದ ಮುದುಕಿ ನಿಮ್ಮನ್ನು ಕಪ್ಪೆಯಷ್ಟು ಚಿಕ್ಕದು ಮಾಡುತ್ತಾಳೆ. ಆಮೇಲೆ ಮತ್ತೆ ದೊಡ್ಡದು ಮಾಡಲು ಗುಡ್ಡದಿಂದ ಕೆಳಗೆ ಕಳಿಸುತ್ತಾಳೆ. ಸಿನಿಮಾದ ಖಳ ಡಾಕ್ಟರ್ ಫೆಸಿಲಿಯೇ ರೈಡ್‌ನಲ್ಲಿ ಇಲ್ಲ. ಯಾರೂ ಅಪಾಯದಲ್ಲಿಲ್ಲ. ಬೀಳುವುದು ಪಾರ್ಟಿಗೆ ಹೋಗುವ ದಾರಿ, ಅಷ್ಟೇ. ಜೌಗು ನೆಲ ಚಪ್ಪಟೆ, ಅಲ್ಲಿ ಗುಡ್ಡ ಎಲ್ಲಿಂದ ಬಂತು ಎಂಬ ಪ್ರಶ್ನೆಗೂ ಉತ್ತರ ಕಟ್ಟಿದ್ದಾರೆ. ಅದು ಉಪ್ಪಿನ ಗುಮ್ಮಟವಂತೆ, ಅಲ್ಲಿ ಟಿಯಾನಾಳ ಆಹಾರ ಕಂಪನಿ ಇದೆಯಂತೆ, ಅದು ಕೆಲಸಗಾರರೇ ಒಡೆಯರಾದ ಸಹಕಾರಿ ಸಂಸ್ಥೆಯಂತೆ. ನಮ್ಮ ಹಾಲಿನ ಸೊಸೈಟಿ ನೆನಪಾದರೆ ತಪ್ಪಿಲ್ಲ. ಲೂಸಿಯಾನಾದಲ್ಲಿ ಅಂಥ ಉಪ್ಪಿನ ಗುಮ್ಮಟಗಳು ನಿಜವಾಗಿಯೂ ಇವೆ, ಟಬಾಸ್ಕೊ ಸಾಸ್ ತಯಾರಾಗುವ ಏವರಿ ಐಲ್ಯಾಂಡ್ ಅಂಥದ್ದೇ ಒಂದು. ಆದರೆ ಇಷ್ಟೆಲ್ಲ ವಿವರಣೆ ಬೇಕಾಯಿತು ಎಂಬುದೇ ತೊಡಕು. ಗುಡ್ಡ ಮೊದಲೇ ಇತ್ತು, ಕಥೆಯನ್ನು ಅದಕ್ಕೆ ತಕ್ಕಂತೆ ಹೊಲಿಯಬೇಕಾಯಿತು. ಬೇರೆಯವರ ಅಳತೆಗೆ ಹೊಲಿಸಿದ ಅಂಗಿ ಎಷ್ಟೇ ಚೆಂದ ಇರಲಿ, ಭುಜದಲ್ಲಿ ಬಿಗಿಯುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಒಂದು ಅನುಕೂಲ ಇದೆ. ಪಕ್ಕದಲ್ಲೇ 1966ರಿಂದ ನ್ಯೂ ಆರ್ಲಿಯನ್ಸ್ ಸ್ಕ್ವೇರ್ ಇದೆ, ಟಿಯಾನಾ ಅಲ್ಲಿಗೆ ನೆಂಟಳಲ್ಲ, ಮನೆಯವಳೇ. ಫ್ಲೋರಿಡಾದಲ್ಲಿ ಅವಳು ಬಂದು ಕೂತಿರುವುದು ಕೌಬಾಯ್‌ಗಳ ಫ್ರಂಟಿಯರ್‌ಲ್ಯಾಂಡ್‌ನಲ್ಲಿ.

ಟೋಕಿಯೋದಲ್ಲಿ ಮಾತ್ರ ಯಾಕೆ ಉಳಿಯಿತು

ಟೋಕಿಯೋ ಡಿಸ್ನಿಲ್ಯಾಂಡ್ ಡಿಸ್ನಿಯದಲ್ಲ. ಅದರ ಒಡೆತನ ಓರಿಯೆಂಟಲ್ ಲ್ಯಾಂಡ್ ಎಂಬ ಜಪಾನಿ ಕಂಪನಿಯದು. ಡಿಸ್ನಿಗೆ ರಾಯಲ್ಟಿ ಕೊಟ್ಟು ಹೆಸರು, ಪಾತ್ರಗಳನ್ನು ಬಳಸುತ್ತದೆ. ಬದಲಾಯಿಸುವ ಖರ್ಚು ಅದರದ್ದು. ಸಿನಿಮಾ ಅಲ್ಲಿ ಅಮೆರಿಕದಷ್ಟು ಕಟ್ಟುನಿಟ್ಟಾಗಿ ಮುಚ್ಚಿಡಲ್ಪಟ್ಟಿರಲಿಲ್ಲ. ಅಮೆರಿಕದ ಜನಾಂಗೀಯ ಗಾಯವೂ ಅಲ್ಲಿನ ಪ್ರೇಕ್ಷಕರ ಮೈಮೇಲಿನ ಗಾಯವಲ್ಲ. ಓಡುತ್ತಿರುವ ರೈಡ್‌ಗೆ ಕೈ ಹಾಕುವ ತುರ್ತು ಅದಕ್ಕಿಲ್ಲ. ಈ ಒಂದು ವಿಷಯದಿಂದಲೇ ಗೊತ್ತಾಗುತ್ತದೆ, ನೀತಿಯ ಮಾತು ಎಷ್ಟೇ ಜೋರಾಗಿದ್ದರೂ ಕೊನೆಯ ತೀರ್ಮಾನ ಯಾರ ಹಣ, ಯಾರ ಊರು ಎಂಬುದರ ಮೇಲೆ ನಿಂತಿದೆ.

ಇದರ ಪರಿಣಾಮ

ಸ್ಪ್ಲ್ಯಾಶ್ ಮೌಂಟನ್ ಗಲಾಟೆಯಿಂದ ಡಿಸ್ನಿಗೆ ವ್ಯಾಪಾರದ ಪೆಟ್ಟು ಬೀಳಲಿಲ್ಲ. 1998ರಲ್ಲಿ ಫ್ಲೋರಿಡಾದ ಮಿಸ್ಟರ್ ಟೋಡ್ ರೈಡ್ ಮುಚ್ಚಿದಾಗಲೂ ಅಭಿಮಾನಿಗಳು ಪಾರ್ಕ್ ಒಳಗೇ ಪ್ರತಿಭಟನೆ ಮಾಡಿದ್ದರು. ಮರುವರ್ಷ ಅಲ್ಲಿ ವಿನ್ನಿ ದ ಪೂ ಬಂದ, ಜನ ಬಂದರು. 2017ರಲ್ಲಿ ಕ್ಯಾಲಿಫೋರ್ನಿಯಾದ ಟವರ್ ಆಫ್ ಟೆರರ್ ಹೋಗಿ ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ ಬಂದಾಗಲೂ ಅದೇ ಕಥೆ. ಕಂಪನಿ ಇದರಿಂದ ಕಲಿತಿದ್ದು ಇಷ್ಟು: ಕೋಪ ಒಂದೆರಡು ವರ್ಷ ಇರುತ್ತದೆ, ಹೊಸ ಮಕ್ಕಳು ಪ್ರತಿ ವರ್ಷ ಬರುತ್ತಾರೆ.

ಹಾಗಾಗಿಯೇ 2025ರಲ್ಲಿ ನದಿ ಮುಚ್ಚುವಾಗ ಅದು ಜಾಸ್ತಿ ಹಿಂಜರಿಯಲಿಲ್ಲ. ಆ ನದಿಗೆ ಯಾವ ಕಳಂಕವೂ ಇರಲಿಲ್ಲ. ಅದಕ್ಕಿದ್ದ ಒಂದೇ ಕೊರತೆ, ಅದರ ಹೆಸರಿನಲ್ಲಿ ಮಾರಲು ಗೊಂಬೆ ಇಲ್ಲದಿದ್ದದ್ದು. ಮೊಲಣ್ಣನ ಸಂದರ್ಭದಲ್ಲಿ ನೀತಿ ಮತ್ತು ವ್ಯಾಪಾರ ಕೈ ಹಿಡಿದು ನಡೆದವು, ಆದ್ದರಿಂದ ಎಲ್ಲರೂ ನೀತಿಯ ಬಗ್ಗೆ ಮಾತ್ರ ಜಗಳವಾಡಿದರು. ಈ ಸಲ ವ್ಯಾಪಾರ ಒಂದೇ ನಡೆದು ಬಂದಿದೆ.

ಮುಂದಿನ ಸರದಿ ಯಾವುದು ಎಂದು ಊಹಿಸಲು ಈಗ ಅಷ್ಟು ಕಷ್ಟವಿಲ್ಲ. ಯಾವ ಸಿನಿಮಾದ ಹಂಗೂ ಇಲ್ಲದೆ ಪಾರ್ಕ್‌ಗಾಗಿಯೇ ಹುಟ್ಟಿದ ಹಳೆಯ ರೈಡ್‌ಗಳ ಪಟ್ಟಿ ಮಾಡಿದರೆ ಸಾಕು. ಅಭಿಮಾನಿಗಳು ಆ ಪಟ್ಟಿ ಮಾಡಿಯಾಗಿದೆ. ಫ್ಲೋರಿಡಾದ ವಿನ್ನಿ ದ ಪೂ ರೈಡ್‌ನ ಒಳಗೆ, ಗೂಬೆಯ ಮನೆಯ ಗೋಡೆಯಲ್ಲಿ ಒಂದು ಚಿತ್ರ ತೂಗುತ್ತದೆ. ಅದರಲ್ಲಿ ಮಿಸ್ಟರ್ ಟೋಡ್ ಜಾಗದ ಪತ್ರವನ್ನು ಗೂಬೆಯ ಕೈಗೆ ಕೊಡುತ್ತಿದ್ದಾನೆ. ಅಲ್ಲಿ ಜನ ಕೂರುವ ಬಂಡಿ ದೋಣಿಯ ಆಕಾರದ್ದಲ್ಲ, ಜೇನಿನ ಮಡಕೆಯ ಆಕಾರದ್ದು. ಬಹಳ ಹೊತ್ತು ನಿಲ್ಲುವುದಿಲ್ಲ. ಎಡಕ್ಕೆ ನೋಡುವಷ್ಟರಲ್ಲಿ ಮುಂದೆ ಹೋಗಿರುತ್ತದೆ.